ಹಿಮ್ಮಡಿಯ ಮರ್ಯಾದೆ

ಮದುವೆಯೊಂದಕ್ಕೆ ಹೊರಡುವ ಅವಸರದಲ್ಲಿದ್ದಾಗ, ಹಿಮ್ಮಡಿಯನ್ನು ಬಿಗಿ ಶೂವಿನೊಳಕ್ಕೆ ಜಾರಿಸುವ ಶೂ ಹಾರ್ನ್ ಕಾಣೆಯಾಗಿತ್ತು. ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಮೊಳೆಗೆ ತೂಗಿರಬೇಕಾಗಿದ್ದ ಅದು ಕೊನೆಗೆ ದಿವಾನಿನ ಕೆಳಗೆ ಸಿಕ್ಕಿತು. ಮೊಮ್ಮಗನ ಚೆಂಡನ್ನು ಎಳೆಯಲು ಅದನ್ನು ಒಯ್ದವರು ಚೆಂಡನ್ನು ಮಾತ್ರ ತೆಗೆದುಕೊಂಡು ಹಾರ್ನನ್ನು ಅಲ್ಲಿಯೇ ಬಿಟ್ಟಿದ್ದರು. ಉದ್ದ ಹಿಡಿಯ ಸ್ಟೀಲಿನ ವಸ್ತುವಾದ್ದರಿಂದ ಬೆನ್ನು ಕೆರೆದುಕೊಳ್ಳಲು, ಜೇಡರ ಬಲೆ ತೆಗೆಯಲು, ಬಣ್ಣ ಕಲಕಲು, ಹೀಗೆ ನಮ್ಮ ಮನೆಯಲ್ಲಿ ಅದಕ್ಕೆ ಕೈತುಂಬ ಕೆಲಸ. ಚಕ್ಕುಲಿ ಒರಳು ಗೋಕುಲಾಷ್ಟಮಿಗೊಮ್ಮೆ ಅಟ್ಟದಿಂದ ಇಳಿದು, ತನ್ನ ಒಂದೇ ಕೆಲಸವನ್ನು ಮುಗಿಸಿ, ತೊಳೆಸಿಕೊಂಡು, ಬಟ್ಟೆ ಸುತ್ತಿಸಿಕೊಂಡು ಗೌರವದಿಂದ ಮೇಲೇರುತ್ತದೆ. ಆ ಗೌರವ ದಿನವೂ ದುಡಿಯುವ ಶೂ ಹಾರ್ನಿಗೆ ಏಕಿಲ್ಲವೆಂಬುದು ನನಗೆ ತಿಳಿಯದು.

ಇಂಗ್ಲೆಂಡಿನ ರಾಬರ್ಟ್ ಮಿಂಡಮ್ ಎಂಬವನು ಈ ಸಂಕಟವನ್ನು ಬಲ್ಲವನಾಗಿದ್ದಿರಬೇಕು. 1593ರಿಂದ 1613ರವರೆಗಿನ ಇಸವಿಗಳನ್ನು ಹೊತ್ತ ಅವನ ಕೆಲವು ಶೂ ಹಾರ್ನುಗಳು ಇಂದಿಗೂ ಉಳಿದಿವೆ. ಆಗ ಅವನ್ನು ಹೆಚ್ಚಾಗಿ ದನದ ಕೊಂಬಿನಿಂದ ಮಾಡುತ್ತಿದ್ದರು. ಬಿಸಿಮಾಡಿದರೆ ಮೆತ್ತಗಾಗುವ ಕೊಂಬು ಬೇಕಾದ ಆಕಾರಕ್ಕೆ ಬಗ್ಗುತ್ತದೆ, ಹಿಮ್ಮಡಿಗೆ ಒಗ್ಗುವ ಬಾಗು ಅದರಲ್ಲಿ ಮೊದಲೇ ಇರುತ್ತದೆ. ಮಿಂಡಮ್ ಅದರ ಮೇಲೆ ಚಿತ್ತಾರ ಕೆತ್ತಿ, ಇಸವಿಯನ್ನೂ ತನ್ನ ಹೆಸರನ್ನೂ ಕೊರೆದು, ಅದು ಇಂಥವರದು ಎಂದೂ ಬರೆಯುತ್ತಿದ್ದ. ನಮ್ಮ ಪಾತ್ರೆ ಅಂಗಡಿಗಳಲ್ಲಿ ಲೋಟ, ತಟ್ಟೆಗಳ ಮೇಲೆ ಹೆಸರು ಕೊರೆದುಕೊಡುತ್ತಾರಲ್ಲ, ಅಲ್ಲಿಗೆ ನನ್ನ ಹಾರ್ನನ್ನೂ ಒಯ್ಯೋಣವೆಂದು ಯೋಚಿಸಿದ್ದುಂಟು. ಆದರೆ ಹೆಸರಿದ್ದ ಮಾತ್ರಕ್ಕೆ ನಮ್ಮ ಮನೆಯವರು ಸುಮ್ಮನಾಗುವರೆಂಬ ಭರವಸೆ ನನಗಿಲ್ಲ.

ಹಾರ್ನ್ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ನಾನು ಕಂಡದ್ದು ಸೋದರಮಾವನ ಮನೆಯಲ್ಲಿ. ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದ ಮಾವ ಬಿಗಿಯಾದ ಕಪ್ಪು ಶೂ ತೊಡುತ್ತಿದ್ದರು, ಅದಕ್ಕೆ ಪ್ರತಿ ಬೆಳಗ್ಗೆ ಅಡುಗೆಮನೆಯ ಹೊಸ್ತಿಲಿನಾಚೆ ಕೈಚಾಚಿ ಒಂದು ಚಮಚವನ್ನು ಎತ್ತಿಕೊಳ್ಳುತ್ತಿದ್ದರು. ಅತ್ತೆಯಾದರೋ ಮುಸುರೆ, ಮೈಲಿಗೆಗಳ ವಿಷಯದಲ್ಲಿ ರಾಜಿಯಿಲ್ಲದವರು. ಕೆಲಸ ಮುಗಿದ ಚಮಚವನ್ನು ಮಾವ ಮೆಲ್ಲನೆ ಸ್ವಸ್ಥಾನಕ್ಕೆ ಸೇರಿಸಿಬಿಡುತ್ತಿದ್ದುದರಿಂದ ಈ ವ್ಯವಹಾರ ಬಹುಕಾಲ ಗುಟ್ಟಾಗಿಯೇ ಉಳಿಯಿತು. ಒಂದು ದಿನ ಬೀಗರಿಗೆ ಉಪ್ಪಿನಕಾಯಿ ಬಡಿಸಲು ಹೋದ ಅತ್ತೆಗೆ ಚಮಚದ ಬೆನ್ನಿನ ಮೇಲೆ ಕಪ್ಪು ಪಾಲಿಷಿನ ಗೀರು ಕಂಡಿತು. ಬೀಗರೆದುರು ಅವರು ಒಂದು ಮಾತೂ ಆಡಲಿಲ್ಲ. ಬೀಗರು ಬೀದಿಯ ತಿರುವು ದಾಟಿದೊಡನೆ ಅಡುಗೆಮನೆಯ ಅಷ್ಟೂ ಚಮಚಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿಸಿ, ಅಪರಾಧಿಯ ಹಿಡಿಗೆ ಕೆಂಪು ದಾರ ಕಟ್ಟಿ, ಚಪ್ಪಲಿಗಳ ಪಕ್ಕದ ಮೊಳೆಗೆ ನೇತುಹಾಕಿ, “ಇನ್ನು ಮೇಲೆ ಇದೇ ನಿಮ್ಮದು” ಎಂದರು. ಮರುದಿನ ಮಾವ ಮತ್ತೆ ಅಡುಗೆಮನೆಗೆ ಕೈಚಾಚಿದ್ದನ್ನು ಕಂಡು ಅತ್ತೆ ಕೂಗಿಕೊಂಡರೆ, ಅವರು ತಣ್ಣಗೆ ಹೇಳಿದ್ದಿಷ್ಟು: “ಅದು ಚಪ್ಪಲಿಗಳ ನಡುವೆ ಇರೋದು ಕಣೇ, ಗಲೀಜು.”

ಮಾವನಾದರೂ ಶೂವಿನ ಹಿಂಬದಿಯನ್ನು ತುಳಿಯುತ್ತಿರಲಿಲ್ಲವೆಂಬ ಕಾರಣಕ್ಕೆ ಅವರನ್ನು ಕ್ಷಮಿಸಬಹುದು. ಈಗಿನ ಹುಡುಗರು ದುಬಾರಿ ಶೂ ಕೊಂಡು, ಅದರ ಹಿಂಬದಿಯನ್ನು ಮೆಟ್ಟಿ ಮೆಟ್ಟಿ ಚಪ್ಪಲಿ ಮಾಡಿಕೊಂಡು ಪಟಪಟನೆ ನಡೆಯುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಹಿಮ್ಮಡಿಯನ್ನು ಅಲುಗದಂತೆ ಹಿಡಿಯಲೆಂದೇ ಅಲ್ಲಿ ತೊಗಲಿನ ನಡುವೆ ಗಟ್ಟಿಯಾದ ಒಂದು ಪದರವನ್ನು ಸೇರಿಸಿರುತ್ತಾರೆ. ಅದು ಮುರಿದ ಮೇಲೆ ಅದನ್ನು ಮೊದಲಿನಂತೆ ನಿಲ್ಲಿಸುವುದು ರಿಪೇರಿಯವನಿಗೂ ಕಷ್ಟ. ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾಗಿ ಬಗ್ಗಬಾರದವರಿಗೆ ವೈದ್ಯರೇ ಉದ್ದ ಹಿಡಿಯ ಹಾರ್ನನ್ನು ಸೂಚಿಸುತ್ತಾರೆ, ಅವರು ಅದನ್ನು ಶ್ರದ್ಧೆಯಿಂದ ಬಳಸುತ್ತಾರೆ. ಸಲೀಸಾಗಿ ಬಗ್ಗಬಲ್ಲವರಿಗೆ ಬಗ್ಗಲೂ ಬೇಸರ, ಹಾರ್ನ್ ಎತ್ತಿಕೊಳ್ಳಲೂ ಬೇಸರ.

ಇದನ್ನೆಲ್ಲ ಆ ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ನೆಂಟರ ಹುಡುಗನಿಗೆ ವಿಸ್ತಾರವಾಗಿ ಹೇಳಿದೆ. ತುಳಿದರೂ ಹಿಂಬದಿ ತಾನಾಗಿಯೇ ಮೇಲೇಳುವ, ಕೈ ಸೋಕಿಸದೆ ತೊಡಬಹುದಾದ ಶೂಗಳು ಈಗ ಬಂದಿವೆಯೆಂದೂ ತಾನು ಅಂಥದನ್ನೇ ತರಿಸಿಕೊಂಡಿರುವೆನೆಂದೂ ಅವನು ವಿನಯದಿಂದಲೇ ತಿಳಿಸಿದ. ಬೆಲೆ ಕೇಳಿದೆ. ಅವನು ಹೇಳಿದ ಮೇಲೆ, ಎಲೆಯ ತುದಿಗೆ ಬಂದ ಹೋಳಿಗೆಯ ಕಡೆ ಗಮನ ಕೊಡುವುದೇ ಲೇಸೆನಿಸಿತು.