ಕೀಲಿ ಒತ್ತಿದ ಮೇಲೆ: ಎಡಿಟರ್‌ನ ಕಮಾಂಡ್ ಲೂಪ್ ಲಿಸ್ಪ್‌ನಲ್ಲೇ ಇರಬೇಕೇ?

ಕೀಲಿಗಾಗಿ ಕಾಯುವುದು, ಒತ್ತಿದ ಕೀಲಿಗೆ ಯಾವ ಕಮಾಂಡ್ ಎಂದು ಹುಡುಕುವುದು, ಅದನ್ನು ನಡೆಸುವುದು, ಪರದೆಯನ್ನು ಮತ್ತೆ ಬರೆಯುವುದು, ಮತ್ತೆ ಕಾಯುವುದು. ಪಠ್ಯ ಎಡಿಟರ್‌ನ ಒಳಗೆ ಎಡೆಬಿಡದೆ ತಿರುಗುವ ಈ ಸುತ್ತೇ ಕಮಾಂಡ್ ಲೂಪ್. ಗ್ನೂ ಈಮ್ಯಾಕ್ಸ್ ಎಂಬ ಎಡಿಟರ್‌ನ ಬಹುಪಾಲು ಕಮಾಂಡ್‌ಗಳು ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿವೆ, ಬಳಸುವವರೇ ಅವನ್ನು ತಿದ್ದಬಹುದು, ಆದರೆ ಲೂಪ್ ಮಾತ್ರ ಸಿ ಭಾಷೆಯ ಒಂದು ಫೈಲಿನಲ್ಲಿದೆ. ಲಿಸ್ಪ್ ಎಡಿಟರ್ ಕಟ್ಟುವವರು ಆ ಲೂಪನ್ನೂ ಲಿಸ್ಪ್‌ನಲ್ಲೇ ಬರೆಯಬೇಕೇ?

ಪರ: ಲೂಪ್ ಬಳಸುವವರ ಕೈಗೆ ಸಿಗಲಿ

ಮೊದಲ ಸಲ ನನ್ನದೇ ಎಡಿಟರ್ ಬರೆಯಲು ಕುಳಿತಾಗ ಲಿಸ್ಪ್‌ನ ಒಂದು ಬಗೆಯಾದ ಕಾಮನ್ ಲಿಸ್ಪ್‌ನಲ್ಲಿ ಲೂಪ್ ಹನ್ನೆರಡು ಸಾಲಿಗೆ ಮುಗಿಯಿತು. ಕೀಲಿ ಓದು, ಹ್ಯಾಶ್ ಟೇಬಲ್‌ನಲ್ಲಿ (ಯಾವ ಕೀಲಿಗೆ ಯಾವ ಕಮಾಂಡ್ ಎಂಬ ಪಟ್ಟಿಯಲ್ಲಿ) ಹುಡುಕು, ಸಿಕ್ಕ ಫಂಕ್ಷನನ್ನು ಕರೆ, ಪರದೆ ಬರೆ. ಅಕ್ಷರ ಮೂಡಿತು, ಅಳಿಯಿತು, ಸಾಲು ಮುರಿಯಿತು. ಆಮೇಲೆ ಕೆಳಬಾಣ ಒತ್ತಿ ನೋಡಿದೆ. ನಲವತ್ತನೆಯ ಕಾಲಮ್‌ನಲ್ಲಿದ್ದ ಕರ್ಸರ್ ಕೆಳಗಿನ ಐದಕ್ಷರದ ಗಿಡ್ಡ ಸಾಲಿಗೆ ಇಳಿದು ಐದರಲ್ಲಿ ನಿಂತಿತು. ಅದು ಸರಿಯೇ. ಮತ್ತೊಮ್ಮೆ ಒತ್ತಿದೆ. ಈಗ ಬಂದದ್ದು ಉದ್ದ ಸಾಲು, ಆದರೂ ಕರ್ಸರ್ ಐದರಲ್ಲೇ ಉಳಿಯಿತು. ದಿನವೂ ಬಳಸುವ ಎಡಿಟರ್‌ನಲ್ಲಿ ಅದು ನಲವತ್ತಕ್ಕೆ ಮರಳುತ್ತದೆ.

ಕೆಳಬಾಣದ ಫಂಕ್ಷನ್‌ಗೆ ತನ್ನ ಕೆಲಸ ಗೊತ್ತಿದ್ದರೆ ಸಾಲದು, ತನಗಿಂತ ಮುಂಚೆ ನಡೆದದ್ದು ಯಾವುದೆಂದೂ ಗೊತ್ತಿರಬೇಕು. ಹಿಂದಿನದೂ ಸಾಲು ದಾಟುವ ಕಮಾಂಡೇ ಆಗಿದ್ದರೆ ಹಳೆಯ ಕಾಲಮ್ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಹೊಸದಾಗಿ ಗುರುತು ಹಾಕಿಕೊಳ್ಳಬೇಕು. ಈಮ್ಯಾಕ್ಸ್‌ನಲ್ಲಿ ಇದಕ್ಕಾಗಿ ಲಾಸ್ಟ್-ಕಮಾಂಡ್ ಎಂಬ ವೇರಿಯಬಲ್ ಇದೆ. ಅದನ್ನು ತುಂಬುವುದು ಲೂಪ್. ಸಾಲಿನ ಉಳಿದ ಭಾಗವನ್ನು ಕತ್ತರಿಸುವ ಕಂಟ್ರೋಲ್-ಕೆ ಬೆನ್ನುಬೆನ್ನಿಗೆ ನಾಲ್ಕು ಸಲ ಒತ್ತಿ, ಬೇರೆಡೆ ಹೋಗಿ ಅಂಟಿಸುವ ಕಂಟ್ರೋಲ್-ವೈ ಒತ್ತಿದರೆ ಕತ್ತರಿಸಿದ್ದೆಲ್ಲ ಒಂದೇ ತುಂಡಾಗಿ ಬರುವುದೂ ಇದರಿಂದಲೇ. ಮೂರನೆಯದಾದ ಮೇಲೆ ಒಮ್ಮೆ ಬಾಣ ಒತ್ತಿದ್ದರೆ ಕೊನೆಯ ಸಲ ಕತ್ತರಿಸಿದ್ದು ಮಾತ್ರ ಬರುತ್ತದೆ.

ಹೀಗೆ ಒಂದು ಕಮಾಂಡ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಯಾವುದರ ಮುಂದುವರಿಕೆ ಯಾವುದು ಎಂಬುದನ್ನೆಲ್ಲ ನಿರ್ಧರಿಸುವುದು ಲೂಪ್. ಎಡಿಟರ್‌ನ ವ್ಯಾಕರಣ ಅದು. ಪದಗಳನ್ನೆಲ್ಲ ಬಳಸುವವರಿಗೆ ಕೊಟ್ಟು ವ್ಯಾಕರಣವನ್ನು ಬೀಗ ಹಾಕಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಇದು ಹೊಸ ಹಂಬಲವೂ ಅಲ್ಲ. ಹನಿವೆಲ್‌ನಲ್ಲಿದ್ದ ಬರ್ನಾರ್ಡ್ ಗ್ರೀನ್‌ಬರ್ಗ್ 1978ರಲ್ಲಿ ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಾಗಿ ಮಲ್ಟಿಕ್ಸ್ ಈಮ್ಯಾಕ್ಸ್ ಶುರುಮಾಡಿದಾಗ ಇಡೀ ಎಡಿಟರನ್ನು ಲಿಸ್ಪ್‌ನ ಇನ್ನೊಂದು ಬಗೆಯಾದ ಮ್ಯಾಕ್‌ಲಿಸ್ಪ್‌ನಲ್ಲಿ ಬರೆದರು. ಅಲ್ಲಿನ ಕಚೇರಿಯ ಕಾರ್ಯದರ್ಶಿಗಳು ಹೊಸ ಕಮಾಂಡ್ ಸೇರಿಸುವುದನ್ನು ಕಲಿತರಂತೆ. ಅವರ ಕೈಗೆ ಕೊಟ್ಟ ಪುಸ್ತಕದಲ್ಲಿ ಇದು ಪ್ರೋಗ್ರಾಮಿಂಗ್ ಎಂದು ಹೇಳಿರಲಿಲ್ಲವಾದ್ದರಿಂದ ಅವರಿಗೆ ಹೆದರಿಕೆಯೂ ಹುಟ್ಟಲಿಲ್ಲ ಎಂದು ಗ್ನೂ ಈಮ್ಯಾಕ್ಸ್ ಬರೆದ ರಿಚರ್ಡ್ ಸ್ಟಾಲ್ಮನ್ ನೆನೆದಿದ್ದಾರೆ. ಡೇನಿಯಲ್ ವೈನ್‌ರೆಬ್ ಲಿಸ್ಪ್ ನಡೆಸಲೆಂದೇ ಕಟ್ಟಿದ ಲಿಸ್ಪ್ ಯಂತ್ರಕ್ಕೆ ಬರೆದ ಐನೆ, ಕಾರ್ನೆಗಿ ಮೆಲನ್‌ನ ಹೆಮ್ಲಾಕ್, ಎಂಐಟಿ ಸ್ಕೀಮ್‌ನ ಎಡ್ವಿನ್ ಎಂಬ ಎಡಿಟರ್‌ಗಳೆಲ್ಲವೂ ಇದೇ ದಾರಿ ಹಿಡಿದವು.

ಕನ್ನಡದವರಿಗೆ ಇನ್ನೂ ಹತ್ತಿರದ ಸಾಕ್ಷಿಯಿದೆ. ಈಮ್ಯಾಕ್ಸ್‌ನಲ್ಲಿ ಇಂಗ್ಲಿಷ್ ಕೀಲಿಗಳಿಂದ ಕನ್ನಡ ಬರೆಯುವ ಕನ್ನಡ-ಐಟ್ರಾನ್ಸ್ ವಿಧಾನ ಆರಿಸಿ ಇಂಗ್ಲಿಷ್ ಕೆ ಒತ್ತಿದರೆ ಅಡಿಗೆರೆಯೊಂದಿಗೆ ‘ಕ್’ ಮೂಡುತ್ತದೆ, ಎ ಒತ್ತಿದರೆ ಅದೇ ಜಾಗದಲ್ಲಿ ‘ಕ’ ಆಗುತ್ತದೆ. ಈ ಎರಡು ಕೀಲಿಗಳ ನಡುವೆ ಕಾಯುತ್ತಾ ಕುಳಿತಿರುವುದು ಕ್ವೇಲ್ ಎಂಬ ಲಿಸ್ಪ್ ಕೋಡ್. ಅದರೊಳಗೆ ಅದರದೇ ಪುಟ್ಟ ಕಮಾಂಡ್ ಲೂಪ್ ಇದೆ. ಕೀಲಿ ಓದುತ್ತದೆ, ತನ್ನ ಕೀಲಿಪಟ್ಟಿಯಲ್ಲಿ ಹುಡುಕುತ್ತದೆ, ಲಾಸ್ಟ್-ಕಮಾಂಡನ್ನು ತಾನೇ ತುಂಬುತ್ತದೆ, ಸಿಕ್ಕ ಕಮಾಂಡನ್ನು ಕರೆಯುತ್ತದೆ. ಈಮ್ಯಾಕ್ಸ್‌ನಲ್ಲಿ ಹೀಗೆ ಕನ್ನಡ ಬರೆದವರೆಲ್ಲ ಲಿಸ್ಪ್‌ನ ಕಮಾಂಡ್ ಲೂಪಿನಲ್ಲೇ ಬರೆದಿದ್ದಾರೆ. ಸಿ ಕೋಡ್ ನಡುವೆ ದಾರಿ ಬಿಟ್ಟುಕೊಟ್ಟಿದ್ದರಿಂದ ಇದು ಆಯಿತು. ಬಿಡದಿದ್ದರೆ ನಮ್ಮ ಲಿಪಿಗಾಗಿ ಯಾರೋ ಸಿ ಕೋಡ್ ತಿದ್ದಿ, ಇಡೀ ಎಡಿಟರನ್ನು ಮತ್ತೆ ಕಂಪೈಲ್ ಮಾಡಿ ಹಂಚಬೇಕಿತ್ತು.

ಗ್ನೂ ಈಮ್ಯಾಕ್ಸ್ ಕೂಡ ಲೂಪಿನ ತುಂಡುಗಳನ್ನು ಲಿಸ್ಪ್ ಕಡೆಗೆ ಸಾಗಿಸುತ್ತಲೇ ಬಂದಿದೆ. ಕಮಾಂಡನ್ನು ನಡೆಸುವ ಕಮಾಂಡ್-ಎಕ್ಸಿಕ್ಯೂಟ್ ಈಗ ಲಿಸ್ಪ್ ಫಂಕ್ಷನ್. ಮಾಡಿದ್ದನ್ನು ಹಿಂತೆಗೆಯುವ ಅಂಡೂ ಒತ್ತಿದಾಗ ಎಷ್ಟು ಅಕ್ಷರ ಒಟ್ಟಿಗೆ ಹೋಗಬೇಕೆಂಬ ಲೆಕ್ಕವೂ ಲಿಸ್ಪ್‌ಗೆ ಬಂದಿದೆ. ನಿಧಾನವಾಗುತ್ತದೆ ಎಂಬ ಹಳೆಯ ದೂರು 2022ರ 28ನೇ ಆವೃತ್ತಿಯಲ್ಲಿ ಲಿಸ್ಪ್ ಕೋಡನ್ನು ಯಂತ್ರದ ಭಾಷೆಗೇ ಇಳಿಸುವ ನೇಟಿವ್ ಕಂಪೈಲೇಶನ್ ಬಂದ ಮೇಲೆ ಬಲ ಕಳೆದುಕೊಂಡಿದೆ. ಮನುಷ್ಯನ ಬೆರಳಿಗೆ ಸಾಟಿಯಾಗುವಷ್ಟು ವೇಗ ಲಿಸ್ಪ್‌ಗೆ ಎಂದೋ ಇತ್ತು.

ವಿರೋಧ: ಕಾಲಡಿಯ ನೆಲವನ್ನು ಅಲುಗಿಸಬೇಡಿ

ಪೂರ್ತಿ ಲಿಸ್ಪ್‌ನಲ್ಲೇ ಇದ್ದ ಒಂದು ಪುಟ್ಟ ಎಡಿಟರನ್ನು ಕೆಲವು ತಿಂಗಳು ಬಳಸಿದೆ. ಪ್ರತಿ ಕೀಲಿಯ ನಂತರ ಪದಗಳ ಸರಾಸರಿ ಉದ್ದವನ್ನು ಕೆಳಗಿನ ಪಟ್ಟಿಯಲ್ಲಿ ತೋರಿಸುವ ಹುಕ್ (ಎಡಿಟರ್ ತಾನಾಗಿ ಕರೆಯುವ ಫಂಕ್ಷನ್) ಬರೆದು ಹಾಕಿದೆ. ಗಂಟೆಗಟ್ಟಲೆ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಖಾಲಿ ಫೈಲ್ ತೆರೆದೆ. ಪದಗಳ ಸಂಖ್ಯೆ ಸೊನ್ನೆ, ಸೊನ್ನೆಯಿಂದ ಭಾಗಾಕಾರ, ದೋಷ. ದೋಷವನ್ನು ತೋರಿಸಲು ಲೂಪ್ ಕೆಳಗಿನ ಪಟ್ಟಿಯನ್ನು ಮತ್ತೆ ಬರೆಯಿತು, ಬರೆಯಲು ಹುಕ್ಕನ್ನು ಕರೆಯಿತು, ಮತ್ತೆ ದೋಷ. ನಡೆಯುತ್ತಿರುವುದನ್ನು ನಿಲ್ಲಿಸುವ ಕಂಟ್ರೋಲ್-ಜಿ ಒತ್ತಿದೆ. ಕೀಲಿ ಓದುವ ಸಾಲನ್ನು ಲೂಪ್ ತಲುಪುತ್ತಲೇ ಇರಲಿಲ್ಲವಾದ್ದರಿಂದ ಏನೂ ಆಗಲಿಲ್ಲ. ಬೇರೆ ಟರ್ಮಿನಲ್‌ನಿಂದ ಅದನ್ನು ಕೊಲ್ಲಬೇಕಾಯಿತು. ಪಕ್ಕದ ಬಫರ್‌ನಲ್ಲಿ (ಎಡಿಟರ್‌ನಲ್ಲಿ ತೆರೆದಿಟ್ಟ ಇನ್ನೊಂದು ಪಠ್ಯದಲ್ಲಿ) ಉಳಿಸದೆ ಇಟ್ಟಿದ್ದ ಒಂದು ಗಂಟೆಯ ಬರವಣಿಗೆ ಹೋಯಿತು.

ಗ್ನೂ ಈಮ್ಯಾಕ್ಸ್‌ನ ಪೋಸ್ಟ್-ಕಮಾಂಡ್-ಹುಕ್‌ನಲ್ಲಿ ಇದೇ ತಪ್ಪು ಮಾಡಿ ನೋಡಿ. ಸಿ ಕೋಡ್ ದೋಷವನ್ನು ಹಿಡಿದು, ತಪ್ಪಿದ ಫಂಕ್ಷನನ್ನು ಹುಕ್‌ನಿಂದ ಕಿತ್ತುಹಾಕಿ, ಒಂದು ಸಾಲಿನ ಸಂದೇಶ ಕೊಟ್ಟು ಮುಂದೆ ಸಾಗುತ್ತದೆ. ಕಮಾಂಡ್‌ನಲ್ಲೇ ದೋಷ ಬಂದರೂ ಲೂಪಿನ ಹೊರಗಿನ ಕಾವಲು ಅದನ್ನು ಹಿಡಿದು ಲೂಪನ್ನು ಮತ್ತೆ ಶುರುಮಾಡುತ್ತದೆ. ಇಂಥ ಕಾವಲನ್ನು ಲಿಸ್ಪ್‌ನಲ್ಲೂ ಬರೆಯಬಹುದು ಎನ್ನುತ್ತಾರೆ. ಬರೆಯಬಹುದು, ನಿಜ. ಆದರೆ ಬಳಸುವವರು ಬದಲಾಯಿಸಬಹುದಾದ ಕಾವಲು ಯಾರೋ ಒಮ್ಮೆ ಬದಲಾಯಿಸಿಯೇ ಬಿಡುವ ಕಾವಲು.

ಕಂಟ್ರೋಲ್-ಜಿಯದೇ ಇನ್ನೊಂದು ಕಥೆ. ಟರ್ಮಿನಲ್‌ನಲ್ಲಿ ಅದು ಬರುವುದು ಕೀಲಿಯಾಗಿ ಅಲ್ಲ, ಆಪರೇಟಿಂಗ್ ಸಿಸ್ಟಮ್‌ನ ಸಿಗ್ನಲ್ ಆಗಿ. ಸಿ ಕೋಡ್ ಅದನ್ನು ಹಿಡಿದು ಕ್ವಿಟ್-ಫ್ಲ್ಯಾಗ್ ಎತ್ತುತ್ತದೆ, ಓಡುತ್ತಿರುವ ಲಿಸ್ಪ್ ಅದನ್ನು ನೋಡಿ ನಿಲ್ಲುತ್ತದೆ. ಲಿಸ್ಪ್ ಎಲ್ಲೋ ಸಿಕ್ಕಿಹಾಕಿಕೊಂಡು ನೋಡದೇ ಹೋದರೆ ಎರಡನೆಯ ಸಲ ಕಂಟ್ರೋಲ್-ಜಿ ಒತ್ತಿದಾಗ ಈಮ್ಯಾಕ್ಸ್ ತಡೆದು ನಿಂತು, ಆಟೋ-ಸೇವ್ ಮಾಡಲೇ, ಈಮ್ಯಾಕ್ಸನ್ನೇ ಅರ್ಧಕ್ಕೆ ಮುಗಿಸಲೇ ಎಂದು ಕೇಳುತ್ತದೆ. ಲಿಸ್ಪ್ ಸೋತ ಹೊತ್ತಿನಲ್ಲಿ ಬಳಸುವವರ ಜೊತೆ ಮಾತಾಡಲು ಲಿಸ್ಪ್ ಅಲ್ಲದ್ದು ಒಂದು ಇರಲೇಬೇಕು. ಲಿಸ್ಪ್ ಯಂತ್ರಗಳಲ್ಲಿ ಐನೆ ನಡೆದ ಮಾತು ಬೇರೆ. ಅಲ್ಲಿ ಯಂತ್ರದ ಬುಡದವರೆಗೂ ಲಿಸ್ಪ್ ಇತ್ತು.

ವೇಗದ ವಿಷಯದಲ್ಲಿ ಪರವಾದಿಗಳ ಜೊತೆ ನನಗೆ ಹೆಚ್ಚು ಜಗಳವಿಲ್ಲ. ಒಂದು ಮಾತು ಮಾತ್ರ: ಪ್ರತಿ ಕೀಲಿಗೂ ಲೂಪ್ ಲಿಸ್ಪ್ ವಸ್ತುಗಳನ್ನು ಹುಟ್ಟಿಸಿದರೆ ಕಸ ಗುಡಿಸುವ, ಅಂದರೆ ಬಳಸಿ ಬಿಟ್ಟ ಮೆಮೊರಿಯನ್ನು ತೆರವು ಮಾಡುವ ಕೆಲಸ ಬೆಳೆಯುತ್ತದೆ. 64 ಬಿಟ್ ಯಂತ್ರದಲ್ಲಿ 8,00,000 ಬೈಟ್ ಮೆಮೊರಿ ಹಂಚಿದ ಮೇಲೆ ಈಮ್ಯಾಕ್ಸ್ ಈ ಗುಡಿಸುವಿಕೆಗೆ (ಗಾರ್ಬೇಜ್ ಕಲೆಕ್ಷನ್‌ಗೆ) ಅಣಿಯಾಗುತ್ತದೆ, ಗುಡಿಸುವಷ್ಟು ಹೊತ್ತು ಉಳಿದದ್ದೆಲ್ಲ ನಿಲ್ಲುತ್ತದೆ. ಟೈಪ್ ಮಾಡುವ ಕೈಗೆ ಅದು ಗೊತ್ತಾಗುತ್ತದೆ.

ಇನ್ನು ಕನ್ನಡದ ಮಾತು. ‘ಸ್ತ್ರೀ’ ಎಂಬುದು ಪರದೆಯ ಮೇಲೆ ಒಂದೇ ಅಕ್ಷರ, ಫೈಲಿನಲ್ಲಿ ಆರು ಸಂಕೇತ: ಸ, ವಿರಾಮ (ಸ್ವರ ತೆಗೆಯುವ ಚಿಹ್ನೆ), ತ, ವಿರಾಮ, ರ, ಈ ಸ್ವರದ ಚಿಹ್ನೆ. ಕಂಟ್ರೋಲ್-ಎಫ್ ಕರ್ಸರನ್ನು ಒಂದು ಸಂಕೇತ ಮುಂದೆ ಸರಿಸುತ್ತದೆ, ಅಷ್ಟೇ. ಅಂದರೆ ಕರ್ಸರ್ ಅಕ್ಷರದ ಹೊಟ್ಟೆಯೊಳಗೆ ಬೀಳಬೇಕು. ಬೀಳುವುದಿಲ್ಲ. ಕಮಾಂಡ್ ಮುಗಿದ ಮೇಲೆ ಸಿ ಲೂಪ್ ಒಮ್ಮೆ ಕಣ್ಣಾಡಿಸಿ, ಕರ್ಸರ್ ಜೋಡಣೆಯಾದ ಅಕ್ಷರದ ನಡುವೆ ಸಿಕ್ಕಿದ್ದರೆ ಅದನ್ನು ಅಂಚಿಗೆ ತಳ್ಳುತ್ತದೆ. ಕಂಟ್ರೋಲ್-ಎಫ್ ಬರೆದವರಿಗೆ ಕನ್ನಡ ಗೊತ್ತಿರಬೇಕಿಲ್ಲ. ಮೊನ್ನೆ ತಾನೇ ಹೊಸ ಕಮಾಂಡ್ ಬರೆದ ಹುಡುಗನಿಗೂ ಗೊತ್ತಿರಬೇಕಿಲ್ಲ. ಸಂಕೇತಗಳು ಹೇಗೆ ಕೂಡಬೇಕೆಂಬ ನಿಯಮಗಳ ಪಟ್ಟಿ ಲಿಸ್ಪ್‌ನಲ್ಲೇ ಇದೆ, ಬೇಕಾದವರು ತಿದ್ದಬಹುದು. ಪ್ರತಿ ಕಮಾಂಡಿನ ಕೊನೆಗೂ ತಪ್ಪದೆ ನೋಡುವ ಶಿಸ್ತು ಮಾತ್ರ ಲೂಪಿನದು. ಲೂಪನ್ನು ಬದಲಾಯಿಸಲು ಬಿಟ್ಟರೆ ಮೊದಲು ಬಿಟ್ಟುಹೋಗುವುದು ಇಂಥ ಸಾಲುಗಳೇ, ಏಕೆಂದರೆ ಹೊಸ ಲೂಪ್ ಬರೆಯುವವರು ಇಂಗ್ಲಿಷ್ ಪಠ್ಯದಲ್ಲಿ ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ನಮ್ಮ ಅಕ್ಷರ ಒಡೆದದ್ದು ನಮಗೆ ಮಾತ್ರ ಕಾಣುತ್ತದೆ.

ಕ್ವೇಲ್‌ನ ಪುಟ್ಟ ಲೂಪನ್ನು ನಾನೂ ಮೆಚ್ಚುತ್ತೇನೆ. ಆದರೆ ತನಗೆ ಅರ್ಥವಾಗದ ಕೀಲಿ ಬಂದಾಗ ಅದು ಏನು ಮಾಡುತ್ತದೆ ಎಂದು ನೋಡಬೇಕು. ಆ ಕೀಲಿಯನ್ನು ಇನ್ನೂ ಓದದ ಕೀಲಿಗಳ ಸಾಲಿಗೆ ಮರಳಿಸಿ ತಾನು ಹೊರಬೀಳುತ್ತದೆ. ಹುಡುಕಿ ಬದಲಾಯಿಸುವ ಕ್ವೆರಿ-ರಿಪ್ಲೇಸ್‌ನೊಳಗೂ ಲಿಸ್ಪ್ ಲೂಪ್ ಇದೆ, ಅದೂ ಹೀಗೆಯೇ. ವೈ, ಎನ್‌ನಂಥ ತನ್ನ ಕೀಲಿಗಳನ್ನು ತಾನು ನೋಡಿಕೊಳ್ಳುತ್ತದೆ, ಬೇರೆ ಏನೇ ಒತ್ತಿದರೂ ಅದನ್ನು ಹಿಂದಕ್ಕೆ ಕೊಟ್ಟು ಮುಗಿಸಿಬಿಡುತ್ತದೆ. ಹಿಂದಕ್ಕೆ ಕೊಟ್ಟ ಕೀಲಿಯನ್ನು ಆಮೇಲೆ ಎತ್ತಿಕೊಳ್ಳುವುದು ಕೆಳಗಿನ ಸಿ ಲೂಪ್.