ಮೆತ್ತಗಿದ್ದರೆ ಸಾಕೇ?

ಬಳ್ಳಾರಿಯ ಯಾವ ಚಪ್ಪಲಿ ಅಂಗಡಿಗೆ ಹೋದರೂ ಇದೇ ಪರೀಕ್ಷೆ: ಗಿರಾಕಿ ಶೂ ಒಳಗೆ ಹೆಬ್ಬೆರಳಿನಿಂದ ಒತ್ತುತ್ತಾನೆ, ‘ಮೆತ್ತಗಿದೆ, ಕಟ್ಟಿಕೊಡಿ’ ಎನ್ನುತ್ತಾನೆ. ಬೆರಳಿಗೆ ಮೆತ್ತಗಾಗಿ ಕಂಡದ್ದು ಇಡೀ ಮೈಭಾರದ ಕೆಳಗೆ ಹೇಗಿರುತ್ತದೆಂಬ ಯೋಚನೆ ಯಾರಿಗೂ ಇಲ್ಲ. ಅಟ್ಟೆ ತೀರ ಮೆತ್ತಗಿದ್ದರೆ ಹಿಮ್ಮಡಿ ಕುಸಿದು ಪಾದ ಪಕ್ಕಕ್ಕೆ ವಾಲುತ್ತದೆ. ಅದನ್ನು ನೆಟ್ಟಗೆ ಹಿಡಿಯುವ ದುಡಿಮೆ ಕಾಲಿನ ಸ್ನಾಯುಗಳ ಪಾಲಿಗೆ.

ನಾನು ಶೂವನ್ನು ಎರಡೂ ಕೈಯಲ್ಲಿ ಹಿಡಿದು ಮಡಿಚಿ ನೋಡುತ್ತೇನೆ. ಹೆಜ್ಜೆ ಎತ್ತುವಾಗ ಪಾದ ಮಡಿಯುವುದು ಬೆರಳುಗಳ ಬುಡದಲ್ಲಿ. ಅಟ್ಟೆಯೂ ಅಲ್ಲೇ ಮಡಿಯಬೇಕು, ನಡುವೆ ಅಲ್ಲ. ಆಮೇಲೆ ಒದ್ದೆ ಬಟ್ಟೆ ಹಿಂಡುವಂತೆ ತಿರುಚುತ್ತೇನೆ. ಸಲೀಸಾಗಿ ತಿರುಚಿಕೊಂಡರೆ ವಾಪಸು. ಅಂಗಡಿಯವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ, ದುಡ್ಡು ನನ್ನದು.

ಇನ್ನೊಂದು ಬಗೆಯಿದೆ. ಅದರ ಅಟ್ಟೆ ಗಟ್ಟಿ, ಮಡಿಯುವುದೇ ಇಲ್ಲ. ಆದರೆ ತಳ ಮುಂದಕ್ಕೆ ಕಮಾನಿನಂತೆ ಮೇಲೆದ್ದಿರುತ್ತದೆ. ಇದಕ್ಕೆ ರಾಕರ್ ಸೋಲ್ ಎನ್ನುತ್ತಾರೆ. ಬೆರಳು ಮಡಿಯುವ ಬದಲು ಅಟ್ಟೆಯೇ ಮುಂದಕ್ಕೆ ಉರುಳುತ್ತದೆ. ಹೆಬ್ಬೆರಳ ಬುಡದ ಕೀಲು ಸವೆದು ಬಿಗಿದವರಿಗೆ ಇದರಿಂದ ನೋವು ತಗ್ಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಮುಂಗಾಲಿನ ಮೇಲಿನ ಒತ್ತಡವೂ ಇಳಿಯುತ್ತದೆ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳ ಹುಣ್ಣು ತಡೆಯಲು ಪಾದರಕ್ಷೆಗಳ ಮೇಲೆ ಕೆಲಸ ಮಾಡಿದ್ದು ಇಂಥದೇ ತರ್ಕದಿಂದ.

ಹಾಗೆಂದು ಎಲ್ಲರೂ ಅದನ್ನೇ ಕೊಳ್ಳಬೇಕಿಲ್ಲ. ಶೂ ತುದಿ ಮೇಲೆದ್ದಷ್ಟೂ ಪಾದದ ಒಳಸ್ನಾಯುಗಳ ಕೆಲಸ ಕಡಿಮೆಯಾಗುತ್ತದೆಂದು ಹಾರ್ವರ್ಡ್ ಸಂಶೋಧಕರು 2020ರಲ್ಲಿ ತೋರಿಸಿದರು. ವರ್ಷಾನುಗಟ್ಟಲೆ ಹಾಗೇ ನಡೆದರೆ ಆ ಸ್ನಾಯುಗಳು ಸೊರಗಬಹುದೆಂಬ ಶಂಕೆಯೂ ಅವರದೇ. ಜೊತೆಗೆ, ಉರುಳುವ ಅಟ್ಟೆಯ ಮೇಲೆ ಸಮತೋಲನ ಕಷ್ಟ. ಅಂಜನಾದ್ರಿಯ ಮೆಟ್ಟಿಲು ಇಳಿಯುವುದಕ್ಕೆ ನಾನಂತೂ ಹಾಕುವುದಿಲ್ಲ. ಬರಿಗಾಲೇ ಶ್ರೇಷ್ಠ ಎನ್ನುವವರು ಮಾತ್ರ ಏಪ್ರಿಲ್ ಮಧ್ಯಾಹ್ನ ನಮ್ಮ ಕೋಟೆ ಗುಡ್ಡದ ಬಂಡೆಯ ಮೇಲೆ ಕಾಲಿಟ್ಟು ಆಮೇಲೆ ಭಾಷಣ ಮಾಡಲಿ.

ನನ್ನ ತಕರಾರು ಬೇರೆಯೇ ಇದೆ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಬರೆದುಕೊಡುವ ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್, ಅಂದರೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ರಬ್ಬರ್) ಚಪ್ಪಲಿ ಎಂದರೆ ಕಪ್ಪು ಇಲ್ಲವೇ ಕಂದು, ದಪ್ಪ ಪಟ್ಟಿ, ನೋಡಿದ ಕೂಡಲೇ ‘ಶುಗರ್ ಇದೆಯಾ’ ಎಂದು ಕೇಳುವಂಥ ಆಕಾರ. ನಮ್ಮ ಅತ್ತಿಗೆ ಅದನ್ನು ಮನೆಯಲ್ಲಿ ಮೆಟ್ಟುತ್ತಾರೆ, ಮದುವೆ ಮನೆಗೆ ಹೊರಟರೆ ಹಳೆಯ ಹೈ ಹೀಲ್ಸ್. ಗಂಟೆಗಟ್ಟಲೆ ನಿಲ್ಲುವುದು ಮದುವೆ ಮನೆಯಲ್ಲೇ ತಾನೆ? ಅಟ್ಟೆಗೆ ಇಷ್ಟೆಲ್ಲ ಬುದ್ಧಿ ಖರ್ಚು ಮಾಡಿದವರು ಮೇಲಿನ ಪಟ್ಟಿಗೆ ಒಂದಿಷ್ಟು ಬಣ್ಣ ಹಾಕಿದರೆ ಗಂಟೇನು ಹೋಗುತ್ತದೆ?