ಅಣಬೆ ಪುಡಿ ತಿಂದ್ರೆ ಗುಳಿಗೆ ಬೇಡ್ವಾ?

ಅಣಬೆಯ ಆಂಟಿ-ಆಕ್ಸಿಡೆಂಟ್ (ಜೀವಕೋಶಗಳಿಗೆ ಹಾನಿ ಮಾಡುವ ಅಣುಗಳನ್ನು ತಡೆಯುವ ವಸ್ತು) ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎರಡನ್ನೂ ವಾಸಿ ಮಾಡುತ್ತದೆ ಎಂಬ ಮೆಸೇಜ್ ಕಲಬುರಗಿಯ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಳಿಸುವವರ ಕಾಳಜಿ ನಿಜ. ಮಾತು ಮಾತ್ರ ನಿಜವಲ್ಲ.

ಅಣಬೆಯಲ್ಲಿ ಬೀಟಾ-ಗ್ಲುಕಾನ್‌ನಂಥ ಪಾಲಿಸ್ಯಾಕರೈಡ್‌ಗಳಿವೆ, ಅಂದರೆ ಸಕ್ಕರೆ ಕಣಗಳ ಉದ್ದನೆಯ ಸರಪಳಿ. ಲ್ಯಾಬಿನಲ್ಲಿ ಇವುಗಳ ಸಾರವನ್ನು ನೇರಳೆ ದ್ರಾವಣಕ್ಕೆ ಹಾಕುತ್ತಾರೆ. ಬಣ್ಣ ಹಳದಿಗೆ ತಿರುಗಿದರೆ ಆಂಟಿ-ಆಕ್ಸಿಡೆಂಟ್ ಗುಣ ಇದೆ ಎಂದರ್ಥ. ಆದರೆ ಅದು ಗಾಜಿನ ಕೊಳವೆ, ನಮ್ಮ ಹೊಟ್ಟೆಯಲ್ಲ ಅಲ್ವಾ? ಬೀಟಾ-ಗ್ಲುಕಾನ್ ನಮಗೆ ಜೀರ್ಣವೇ ಆಗುವುದಿಲ್ಲ. ನಾರಿನಂತೆ ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತವೆ. ಒಳ್ಳೆಯದೇ, ಆದರೆ ಔಷಧಿಯಲ್ಲ. ಜಪಾನಿನಲ್ಲಿ ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ಬೀಟಾ-ಗ್ಲುಕಾನ್ ಅನ್ನು ಕ್ಯಾನ್ಸರ್ ರೋಗಿಗಳಿಗೆ ಇಂಜೆಕ್ಷನ್ ಆಗಿ ಕೊಟ್ಟದ್ದುಂಟು. ಅದೂ ಕೀಮೋ ಜೊತೆಗೆ, ಕೀಮೋ ಬದಲಿಗಲ್ಲ.

ಇಂಥ ಮೆಸೇಜ್ ಬಂದರೆ ಒಂದೇ ಪ್ರಶ್ನೆ ಕೇಳಿ: ಪರೀಕ್ಷೆ ಯಾವುದರ ಮೇಲೆ ಆಯಿತು? ಕೊಳವೆಯಲ್ಲೋ, ಇಲಿಯ ಮೇಲೋ, ಮನುಷ್ಯರ ಮೇಲೋ? ಎಷ್ಟು ಪ್ರಮಾಣ, ಎಷ್ಟು ದಿನ ಎಂದೂ ನೋಡಿ. ಕೊನೆಯಲ್ಲಿ ಪುಡಿ ಡಬ್ಬಿಯ ರೇಟು, ಫೋನ್ ನಂಬರ್ ಇದ್ದರೆ ಅದು ಜಾಹೀರಾತು, ಅಷ್ಟೇ.

ಹಸಿ ಅಣಬೆಯಲ್ಲಿ ನೂರಕ್ಕೆ ಸುಮಾರು 90 ಭಾಗ ನೀರೇ. ಜೋಳದ ರೊಟ್ಟಿ ಜೊತೆ ಪಲ್ಯ ಮಾಡಿ ಧಾರಾಳ ತಿನ್ನಿ. ಸುಮ್ನೆ ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ಬಿಡಬೇಡಿ.